ಮುಂದಿನವನ ಕೈ

"ಇವನಾ? ಇವನೆಲ್ಲಿ ಸೈಕಲ್ ಹೊಡೀತಾನೆ! ನಾಯಿ ಮೈಮೇಲಿನ ಉಣ್ಣಿ ಥರ ಇನ್ನೊಬ್ಬರ ಬೆನ್ನಿಗೆ ಕಚ್ಕೊಂಡು ಬರ್ತಾನೆ ಅಷ್ಟೇ."

ಆನ್ಸೆಲ್ಮಜ್ಜ ಇದನ್ನು ಹೇಳಿದ್ದು ಬೇಕರಿಯ ಮುಂದೆ, ಭಾನುವಾರ ಬೆಳಿಗ್ಗೆ, ಸೈಕಲ್ ಸಂಘದವರೆಲ್ಲ ಕಾಫಿ ಮುಗಿಸಿ ಹೊರಡಲು ನಿಂತಿದ್ದಾಗ. ಅಷ್ಟಕ್ಕೇ ಬಿಡಲಿಲ್ಲ. "ಶಾಲೇಲೂ ಹಿಂಗೇ ಕಣ್ರಯ್ಯಾ. ಪಕ್ಕದವನ ಹಾಳೆ ನೋಡಿ ಬರೀತಿದ್ದ. ಪಕ್ಕದವನು ಬೆಂಚು ಬದಲಾಯಿಸ್ದ, ಇವನು ಶಾಲೇನೇ ಬಿಟ್ಟ."

ಎಲ್ಲರೂ ನಕ್ಕರು. ಸಂಘದವನೇ ಆದ ಬೇಕರಿಯ ಪಾಸ್ಕಲ್ ಬಗ್ಗಿ ತೊಡೆ ತಟ್ಟಿಕೊಂಡು ನಕ್ಕ. ಬ್ರೆಡ್ ಕೊಳ್ಳಲು ಸಾಲಿನಲ್ಲಿ ನಿಂತಿದ್ದ ಹೆಂಗಸರೂ ನಕ್ಕರು. ಜೋರಿಸ್‌ನ ಕಿವಿ ಕಾದುಹೋಯಿತು. ಹಿಂದಿನ ಭಾನುವಾರ ಅವನು ಗಾಳಿಗೆ ಎದೆಕೊಡದೆ ದಾರಿಯುದ್ದಕ್ಕೂ ಅಜ್ಜನ ಸೈಕಲ್ಲಿನ ಹಿಂದೆಯೇ ಅಂಟಿಕೊಂಡು ಬಂದು, ಊರಿನ ಹೆಸರಿನ ಫಲಕ ಹತ್ತಿರವಾದಾಗ ಪಕ್ಕದಿಂದ ನುಗ್ಗಿ ಮೊದಲಾಗಿದ್ದ ಎನ್ನುವುದು ನಿಜ. ಆ ಫಲಕವನ್ನು ವರ್ಷಗಟ್ಟಲೆ ಅಜ್ಜನೇ ಮೊದಲು ಮುಟ್ಟುತ್ತಿದ್ದ. ಸೋತ ಮುದುಕನ ಹೊಟ್ಟೆಕಿಚ್ಚು ಎಂದು ನಕ್ಕು ಬಿಡಬಹುದಿತ್ತು. ಆದರೆ ಜೋರಿಸ್ ದುಡಿಯುತ್ತಿದ್ದುದು ಅಜ್ಜನ ಮನೆಯ ದ್ರಾಕ್ಷಿ ತೋಟದಲ್ಲೇ. ಶಾಲೆ ಬಿಟ್ಟು ಬಂದ ದಿನ ಅವನ ಕೈಗೆ ಬಳ್ಳಿ ಸವರುವ ಕತ್ತರಿ ಕೊಟ್ಟವನೂ, ಸೈಕಲ್ ಹತ್ತಿಸಿದವನೂ ಇದೇ ಅಜ್ಜ. ಬೇರೆ ಯಾರಾದರೂ ಅಂದಿದ್ದರೆ ಅವನು ಮುಖಕ್ಕೆ ಒಂದೇಟು ಕೊಡುತ್ತಿದ್ದ.

"ಇವತ್ತು ನಾನೇ ಮುಂದೆ," ಎಂದ.

"ಹೋಗಪ್ಪಾ ದೊರೆ," ಎಂದ ಅಜ್ಜ. "ನಿನ್ನ ಬೆನ್ನು ಹೇಗಿದೆ ಅಂತ ನಾವೂ ಒಂದ್ಸಲ ನೋಡೋಣ."

ಮಾಕಾನ್ ಪಟ್ಟಣದ ಕಡೆಯ ಈ ಗುಡ್ಡಗಳಲ್ಲಿ ದ್ರಾಕ್ಷಿ ಸಾಲುಗಳ ನಡುವೆ ಓಡುವ ಕಿರುದಾರಿಗಳಿಗೆ ಕಾರು ಬರುವುದಿಲ್ಲ. ವಾರವೆಲ್ಲ ಟ್ರ್ಯಾಕ್ಟರು, ಭಾನುವಾರ ಸೈಕಲ್ಲು, ಅಷ್ಟೇ. ಎದುರಿನಿಂದ ಏನೂ ಬರುವುದಿಲ್ಲವೆಂಬ ನಂಬಿಕೆಯಲ್ಲಿ ಒಬ್ಬರ ಹಿಂದೆ ಒಬ್ಬರು ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಹೋಗುತ್ತಾರೆ. ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನ ಬೆನ್ನು ಮಾತ್ರ. ಅದಕ್ಕೇ ಒಂದು ಕಟ್ಟಳೆ: ಗುಂಡಿಯೋ ಕಲ್ಲೋ ಬಂದರೆ ಮುಂದಿನವನು ಆ ಬದಿಯ ಕೈ ಇಳಿಸಿ ಬೆರಳಿನಿಂದ ತೋರಿಸಬೇಕು. ಅವನ ಹಿಂದಿನವನು ಅದನ್ನೇ ತನ್ನ ಹಿಂದಿನವನಿಗೆ ದಾಟಿಸಬೇಕು. ಇದನ್ನು ಯಾರೂ ಯಾರಿಗೂ ಕೂರಿಸಿ ಕಲಿಸುವುದಿಲ್ಲ. ತಪ್ಪಿದವನ ಜೊತೆ ಮತ್ತೆ ಯಾರೂ ಹೋಗುವುದಿಲ್ಲ.

ಜೋರಿಸ್ ಏರಿನಲ್ಲಿ ಉಸಿರು ಕಟ್ಟಿ ತುಳಿದ. ಹಿಂದೆ ಅಜ್ಜನ ಏದುಸಿರು ಕೇಳಿಸಿದಷ್ಟೂ ಅವನಿಗೆ ಖುಷಿ. ಉಣ್ಣಿ ಅಂದೆಯಲ್ಲ, ಈಗ ಯಾರು ಯಾರಿಗೆ ಕಚ್ಚಿಕೊಂಡಿದ್ದಾರೆ ನೋಡು. ಗುಡ್ಡದ ಮೇಲಿನ ಚಿಕ್ಕ ಇಗರ್ಜಿ ದಾಟಿ ಇಳಿಜಾರು ಶುರುವಾಯಿತು. ಕೊಯ್ಲಿನ ಕಾಲ. ಬಂಡಿಗಳಿಂದ ಉದುರಿದ ಹಣ್ಣು ದಾರಿಯ ಮೇಲೆ ಅಲ್ಲಲ್ಲಿ ಅರೆದುಹೋಗಿ ಹುಳಿ ವಾಸನೆ ಹೊಡೆಯುತ್ತಿತ್ತು.

ತಿರುವಿನ ಕೆಳಗೆ ಮಳೆನೀರು ಹಾಯುವ ಕಲ್ಲಿನ ಕಾಲುವೆಯೊಂದು ದಾರಿಗೆ ಅಡ್ಡಲಾಗಿದೆ. ಅದರ ಬಲಗಡೆಯ ಕಲ್ಲು ಆ ವಾರ ಕಿತ್ತುಹೋಗಿತ್ತು. ಜೋರಿಸ್‌ಗೆ ಅದು ಗೊತ್ತಿತ್ತು. ವಾರವೆಲ್ಲ ಟ್ರ್ಯಾಕ್ಟರಿನಲ್ಲಿ ಅದರ ಮೇಲೇ ಓಡಾಡಿದ್ದ. ಗೊತ್ತಿಲ್ಲದಿದ್ದರೂ ಕಾಣುತ್ತಿತ್ತು, ಬಿಸಿಲು ಅಷ್ಟು ಚೊಕ್ಕವಾಗಿತ್ತು. ಅವನ ಬಲಗೈ ತಾನಾಗಿಯೇ ಹ್ಯಾಂಡಲ್‌ನಿಂದ ಸಡಿಲವಾಯಿತು. ಬೆರಳು ಮೇಲೆದ್ದಿತು.

ಒಂದು ಕುಲುಕು ತಿನ್ನಲಿ ಮುದುಕ. ಒಂದೇ ಒಂದು.

ಅವನು ಮತ್ತೆ ಹ್ಯಾಂಡಲ್ ಹಿಡಿದ. ಚಕ್ರವನ್ನು ಎಡಕ್ಕೆ ಜಾರಿಸಿ ದಾಟಿಕೊಂಡ.

ಹಿಂದೆ ಕೇಳಿಸಿದ್ದು ಕುಲುಕಿನ ಸದ್ದಲ್ಲ. ಹಸಿ ಕೊಂಬೆ ಮುರಿದಂಥ ಸದ್ದು, ಅದರ ಮೇಲೆ ಕಬ್ಬಿಣ ಕಲ್ಲಿಗೆ ಉಜ್ಜಿದ್ದು, ಆಮೇಲೆ ಪಾಸ್ಕಲ್ ಚೀರಿದ್ದು. ತಿರುಗಿ ನೋಡಿದಾಗ ಅಜ್ಜ ದ್ರಾಕ್ಷಿ ಸಾಲಿನ ಬುಡದಲ್ಲಿ ಮಗುವಿನಂತೆ ಮುದುಡಿಕೊಂಡು ಬಿದ್ದಿದ್ದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು. ಒಂದು ಭುಜ ಇರಬೇಕಾದ ಜಾಗದಲ್ಲಿರಲಿಲ್ಲ.

ಜೋರಿಸ್ ಸೈಕಲ್ ಬಿಸಾಕಿ ಓಡಿದ. ತನ್ನ ಅಂಗಿ ಬಿಚ್ಚಿ ಹಣೆಗೆ ಒತ್ತಿ ಹಿಡಿದ. ಅಜ್ಜ ಅವನ ಮೊಣಕೈ ಹಿಡಿದುಕೊಂಡ.

"ಕೈ ತೋರಿಸಿದ್ಯೇನೋ?" ಎಂದು ಪಾಸ್ಕಲ್ ಕೇಳಿದ. "ಮುದುಕಪ್ಪನ ಬೆನ್ನು ಅಡ್ಡ ಇತ್ತು, ನನಗೆ ಏನೂ ಕಾಣ್ಲಿಲ್ಲ."

ಜೋರಿಸ್ ತಲೆಯಾಡಿಸಿದ. ಹೌದು ಎನ್ನುವ ಹಾಗೆ.

"ತೋರಿಸಿರ್ತಾನೆ ಬಿಡು," ಎಂದ ಅಜ್ಜ ಹಲ್ಲು ಕಚ್ಚಿಕೊಂಡು. "ನಾನೇ ನೋಡ್ಲಿಲ್ಲ. ಹುಡುಗನ್ನ ಯಾಕೆ ಕೇಳ್ತೀಯ."

ಕೊರಳೆಲುಬು ಮುರಿದಿತ್ತು, ಎರಡು ಪಕ್ಕೆಲುಬೂ. ಆಸ್ಪತ್ರೆಯಿಂದ ಬಂದ ಮೇಲೆ ಅಜ್ಜ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಹಣ್ಣು ತುಂಬಿದ ಬಂಡಿ ಒಳಗೆ ಬಂದಾಗಲೆಲ್ಲ ಎದ್ದು ನಿಲ್ಲಲು ಹೋಗಿ ನೋವಿಗೆ ಮತ್ತೆ ಕೂರುತ್ತಿದ್ದ. ಊರಿನವರು ಜೋರಿಸ್‌ನನ್ನು ಹೊಗಳಿದರು. ಅಂಗಿ ಬಿಚ್ಚಿ ರಕ್ತ ನಿಲ್ಲಿಸಿದನಂತೆ, ಬರಿಮೈಯಲ್ಲಿ ಊರಿಗೆ ಓಡಿ ವ್ಯಾನು ತಂದನಂತೆ. ಬೇಕರಿಯಲ್ಲಿ ಪಾಸ್ಕಲ್ ಅವನ ಚೀಲಕ್ಕೆ ಕೇಳದೆಯೇ ಒಂದು ಸಿಹಿ ರೊಟ್ಟಿ ಸೇರಿಸಿದ. ಅದನ್ನು ಜೋರಿಸ್ ದಾರಿಯಲ್ಲಿ ಯಾರದೋ ನಾಯಿಗೆ ಎಸೆದ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದ, ಹೊಡೆದಿದ್ದರೆ ತಿರುಗಿ ಹೊಡೆಯುತ್ತಿದ್ದ. ಹೊಗಳಿದವನಿಗೆ ಏನು ಮಾಡುವುದು?

ಅಜ್ಜ ಮಾತ್ರ ಬದಲಾಗತೊಡಗಿದ. ಗೋಡೆಯ ಮೇಲಿನ ಗಡಿಯಾರವನ್ನು ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡುವನು. ಬಂದವರ ಹೆಸರನ್ನು ಬಾಯೊಳಗೇ ಹೇಳಿಕೊಂಡು ಆಮೇಲೆ ಕರೆಯುವನು. ಒಂದು ಮಧ್ಯಾಹ್ನ, ಹಣ್ಣು ಹಿಂಡುವ ಮನೆಯಲ್ಲಿ ತೊಟ್ಟಿ ತೊಳೆಯುತ್ತಿದ್ದ ಜೋರಿಸ್ ಬಳಿಗೆ ಅಜ್ಜನ ಮಗಳು ಒದೀಲ್ ಬಂದಳು. ತೋಟವೆಲ್ಲ ಈಗ ಅವಳದೇ ಕೈಯಲ್ಲಿ.

"ಕಣ್ಣಿನ ಡಾಕ್ಟರ್ ಏನಂದ್ರು ಗೊತ್ತಾ? ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಕಣ್ಣು ನೋಡೇ ಇಲ್ಲ ಅಂದ್ರು."

"ಒಳ್ಳೇದೇ ಆಯ್ತಲ್ಲಕ್ಕಾ."

"ಏನ್ ಒಳ್ಳೇದು! ಕಣ್ಣು ಚೆನ್ನಾಗಿದ್ರೆ, ಮೂಗಿನ ಮುಂದೆ ನೀನು ಆಡಿಸಿದ ಕೈ ಯಾಕೋ ಕಾಣ್ಲಿಲ್ಲ? ಕಂಡಿದೆ, ತಲೆಗೆ ಹತ್ತಿಲ್ಲ." ಅವಳು ತೊಟ್ಟಿಯ ಅಂಚಿಗೆ ಒರಗಿದಳು. "ಅಮ್ಮಂಗೂ ಹಿಂಗೇ ಶುರುವಾಗಿದ್ದು. ಒಲೆ ಮೇಲೆ ಉರೀತಿರೋ ಪಾತ್ರೆ ಎದುರಿಗೇ ಇದ್ರೂ ಕಾಣ್ತಿರ್ಲಿಲ್ಲ. ಕೊನೆಗೆ ನನ್ನನ್ನೇ ಯಾರು ನೀನು ಅಂತ ಕೇಳಿದ್ಲು. ಅಪ್ಪನಿಗೂ ಅದೇ ಭಯ. ನನ್ನ ಹತ್ರ ಹೇಳಲ್ಲ. ರಾತ್ರಿಯೆಲ್ಲ ತೋಟಗಳ ಹೆಸರು ಒಂದೊಂದಾಗಿ ಹೇಳ್ಕೊಳ್ತಿರ್ತಾರೆ, ಮರೆತಿದೆಯಾ ಅಂತ ನೋಡೋಕೆ."

ಜೋರಿಸ್ ನೀರಿನ ಕೊಳವೆ ಹಿಡಿದು ನಿಂತೇ ಇದ್ದ. ಕೊಚ್ಚಿಹೋಗಬೇಕಾದ ಸಿಪ್ಪೆಯೆಲ್ಲ ಹೋಗಿ ಆಗಿತ್ತು, ಅವನು ಅದೇ ಜಾಗಕ್ಕೆ ನೀರು ಬಿಡುತ್ತಲೇ ಇದ್ದ. ಈಗ ಹೇಳಬೇಕು. ಅಕ್ಕಾ, ನಾನು ಕೈ ತೋರಿಸಲೇ ಇಲ್ಲ. ಐದು ಮಾತು. ಆಮೇಲೆ ಈ ಅಂಗಳ, ಈ ಕೆಲಸ, ಭಾನುವಾರದ ದಾರಿ ಎಲ್ಲ ಮುಗಿಯುತ್ತದೆ. ಮುದುಕ ನೆಮ್ಮದಿಯಾಗಿ ಮಲಗುತ್ತಾನೆ.

"ನೀರು ನಿಲ್ಸೋ ಮಾರಾಯ," ಎಂದು ಒದೀಲ್ ಹೊರಟುಹೋದಳು.

ಕೊಯ್ಲು ಮುಗಿದ ಊಟ ಅಂಗಳದಲ್ಲೇ ನಡೆಯಿತು. ಉದ್ದನೆಯ ಮೇಜು, ಹಂದಿ ಮಾಂಸದ ಸಾರು, ಗಟ್ಟಿ ಬ್ರೆಡ್ಡು, ಹೋದ ವರ್ಷದ ಬಿಳಿ ವೈನು. ಹಣ್ಣು ಬಿಡಿಸಲು ಬಂದವರು ಹಾಡುತ್ತಿದ್ದರು. ಪಾಸ್ಕಲ್ ಆಗಲೇ ಕುಡಿದು ಕೆಂಪಗಾಗಿದ್ದ. ಒದೀಲ್ ಕೊಟ್ಟಿಗೆಯಿಂದ ಅಜ್ಜನ ಸೈಕಲ್ ತಳ್ಳಿಕೊಂಡು ಬಂದಳು. ಬಾಗಿದ ಚಕ್ರ ಬದಲಾಯಿಸಿ, ತಿಳಿನೀಲಿ ಚೌಕಟ್ಟನ್ನು ಮಿರಮಿರ ಉಜ್ಜಿದ್ದರು.

"ಅಪ್ಪ ಇನ್ಮೇಲೆ ಹೊಡೆಯಲ್ಲ. ಇದು ಜೋರಿಸ್‌ಗೆ."

ಚಪ್ಪಾಳೆ ಬಿತ್ತು. "ತಗೊಳ್ಳೋ ಉಣ್ಣಿ!" ಎಂದು ಪಾಸ್ಕಲ್ ಕೂಗಿದ. ಯಾರೋ ಜೋರಿಸ್‌ನ ಬೆನ್ನು ತಟ್ಟಿ ಮುಂದಕ್ಕೆ ನೂಕಿದರು. ಕೈ ಅಡ್ಡಿಯಿಲ್ಲದೆ ಹೋಗಿ ಹ್ಯಾಂಡಲ್ ಹಿಡಿಯಿತು. ಆ ಕೈಯನ್ನು ಅವನು ನೋಡಲಾರದೆ ಹೋದ.

ಜನ ಮತ್ತೆ ತಟ್ಟೆಗಳಿಗೆ ಮರಳಿದ ಮೇಲೆ ಅಜ್ಜ ಎದ್ದು ಬಂದ. ಕೈ ಇನ್ನೂ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು. ಸೀಟನ್ನು ಮುಟ್ಟಿ, ಸರಿಯಾಗಿದೆಯೇ ಎಂದು ಅಲ್ಲಾಡಿಸಿದ.

"ನಿನಗಿದು ಸ್ವಲ್ಪ ಎತ್ತರ ಆಗುತ್ತೆ. ಇಳಿಸ್ಕೋ."

"ಹೂಂ."

"ಜೋರಿಸ್, ಒಂದು ಕೇಳ್ತೀನಿ. ಕೋಪ ಮಾಡ್ಕೋಬೇಡ." ಅಜ್ಜನ ದನಿ ಇಳಿಯಿತು. "ಆ ಹೊತ್ತನ್ನ ಎಷ್ಟು ಸಲ ತಿರುಗಿಸಿ ನೋಡಿದ್ರೂ ನಿನ್ನ ಎರಡು ಕೈನೂ ಹ್ಯಾಂಡಲ್ ಮೇಲೇ ಕಾಣ್ತವೆ. ನಿನ್ನ ಬೆರಳು ಮೇಲೆದ್ದಿದ್ದೂ ನೆನಪಿದೆ. ಅಲ್ಲಿಂದಾಚೆ ಏನೂ ನೆನಪಿಲ್ಲ, ಖಾಲಿ. ನನ್ನ ಹೆಂಡ್ತಿಗೂ ಹೀಗೇ ಮಧ್ಯೆ ಮಧ್ಯೆ ಖಾಲಿ ಇರ್ತಿತ್ತು. ನೀನು ತೋರಿಸಿದ್ದೆ ಅಂದ್ರೆ ನಾನು ಒದೀಲ್ ಹೇಳಿದ ಹಾಗೆ ಕೇಳ್ತೀನಿ. ಡಾಕ್ಟರ ಹತ್ರ ಹೋಗ್ತೀನಿ, ಸೈಕಲ್ ಬಿಡ್ತೀನಿ, ಎಲ್ಲಾ. ನಿನ್ನ ಮಾತು ಸಾಕು ನನಗೆ. ತೋರಿಸಿದ್ಯಾ ಮಗಾ?"

ಅಜ್ಜನ ಕಣ್ಣು ಅವನ ಮುಖದ ಮೇಲೇ ನೆಟ್ಟಿತ್ತು. ಸ್ವಚ್ಛವಾದ ಕಣ್ಣು, ಡಾಕ್ಟರು ಸುಳ್ಳು ಹೇಳಿರಲಿಲ್ಲ. ಮೇಜಿನ ಕಡೆಯಿಂದ ಒದೀಲ್ ಅವನ ಹೆಸರು ಕೂಗಿ ಗ್ಲಾಸು ಎತ್ತಿ ತೋರಿಸಿದಳು.

ಜೋರಿಸ್ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಅದು ಜಾರಿತು, ಹಿಡಿದು ಮತ್ತೆ ಒರಗಿಸಿದ. ಅಜ್ಜನ ಬದಿಯಿಂದ ಹಾಯ್ದು, ಹಾಡುತ್ತಿದ್ದವರ ಹಿಂದಿನಿಂದ ಸಾಗಿ, ತೆರೆದ ದೊಡ್ಡ ಬಾಗಿಲಿನಿಂದ ಹೊರಬಿದ್ದು ತೋಟಗಳ ನಡುವಿನ ದಾರಿ ಹಿಡಿದ.

"ಜೋರಿಸ್!" ಎಂದ ಅಜ್ಜ. ಮತ್ತೆ, ಹೆಸರು ಸರಿಯೋ ಎಂದು ಅನುಮಾನಿಸುವವನ ಹಾಗೆ, "ಜೋರಿಸ್?"

ಅವನು ನಡೆಯುತ್ತಲೇ ಹೋದ.