ಸುಣ್ಣ ಬಳಿದ ಕಲ್ಲು

ನನ್ನ ಗಂಡ ಜ್ಞಾನೇಶ್‌ನನ್ನು ತೋಟದಲ್ಲಿ ಮಣ್ಣು ಮಾಡಿದ ದಿನ ತಲೆಯ ಕಡೆ ನೆಡಲು ಕಲ್ಲು ಬೇಕಾಯಿತು. ಜಗಲಿಯ ಮೂಲೆಯಲ್ಲಿ ಅವನೇ ತಂದಿಟ್ಟಿದ್ದೊಂದಿತ್ತು. ಯಾರೋ ಹೊತ್ತು ತಂದು ನೆಟ್ಟರು. ಬೇಡ ಎನ್ನಲು ನನಗೆ ಹೊಳೆಯಲಿಲ್ಲ.

ಅದು ಚಿಕ್ಕನಾಯಕನಹಳ್ಳಿ ಗುಡ್ಡದ ಸುಣ್ಣಕಲ್ಲು. ಯಾವುದೋ ಕಾಲದ ಕಡಲ ತಳ. ಅಂಥ ಕಲ್ಲಿನಲ್ಲಿ ವಿರಳ ಭಸ್ಮ ಧಾತುಗಳೆಂಬ ಲೋಹಗಳು ಕಂಡೂ ಕಾಣದಷ್ಟಿರುತ್ತವೆ. ಕಡಲ ನೀರಿನಲ್ಲಿ ಆಮ್ಲಜನಕವಿದ್ದರೆ ಅವುಗಳ ಸಾಲಿನಿಂದ ಸೀರಿಯಂ ಮಾತ್ರ ಜಾರಿಹೋಗುತ್ತದೆ. ಕಲ್ಲಿನಲ್ಲಿ ಅದರ ಜಾಗ ತಗ್ಗಾಗಿದ್ದರೆ ಆ ಕಡಲಿಗೆ ಉಸಿರಿತ್ತು ಎಂದರ್ಥ. ಜ್ಞಾನೇಶ್ ಆ ತಗ್ಗನ್ನು ಹುಡುಕುತ್ತಿದ್ದ. ಅವನು ಕಲ್ಲು ತೆಗೆದಿದ್ದ ಜಾಗದ ಮೇಲೆ ಈಗ ಗಣಿಯ ಮಣ್ಣು ಸುರಿದಿದ್ದಾರೆ. ಅರ್ಧಕ್ಕೆ ನಿಂತ ಅವನ ಸಂಶೋಧನೆ ಮುಗಿಸಲು ನನಗೆ ಉಳಿದಿದ್ದು ಇದೊಂದೇ ಕಲ್ಲು.

ವರ್ಷದ ಪೂಜೆಗೆಂದು ಅತ್ತೆ ಸಿದ್ದಗಂಗಮ್ಮ ಅದಕ್ಕೆ ಸುಣ್ಣ ಬಳಿಸಿದ್ದರು.

ನಾನು ಸುತ್ತಿಗೆ ಹಿಡಿದು ತೋಟಕ್ಕೆ ಹೊರಟದ್ದನ್ನು ಕಂಡು, "ಸುತ್ತಿಗೆ ಯಾಕೇ?" ಎಂದರು.

ಹೇಳಿದೆ.

"ಅವನ ತಲೆ ಮೇಲೆ ಹೊಡೀತೀಯಾ? ಓದಿ ಓದಿ ನೀನೇ ಕಲ್ಲಾಗ್ಬುಟ್ಟೆ ಕಣೇ. ಒಂದು ತೊಟ್ಟು ಕಣ್ಣೀರು ಬರ್ಲಿಲ್ಲ ನಿಂಗೆ."

"ಮೇಲಿನ ಸುಣ್ಣ ಬೇಡ ಅತ್ತೆ. ಒಳಗಿನ ಒಂದು ಚೂರು ಸಾಕು."

"ಒಳಗೇನೈತೆ?"

"ಅವ್ರು ಹುಡುಕ್ತಿದ್ದದ್ದು."

ಅತ್ತೆ ಎದ್ದು ಹೋದರು. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ರುಬ್ಬುವ ಗುಂಡನ್ನು ತೋಟದವರೆಗೂ ಉರುಳಿಸಿಕೊಂಡು ಬಂದರು.

"ಅದನ್ನ ಕಿತ್ಕೊಂಡ್ ಹೋಗಿ ಅತ್ಲಾಗೆ ಎಲ್ಲಾದ್ರೂ ಹೊಡ್ಕೊ. ಕಿತ್ತ ತಕ್ಷಣ ಇದನ್ನ ಇಡು. ಜಾಗ ಬರಿದು ಬುಡಬ್ಯಾಡ."

"ಬಿಟ್ರೆ?"

"ಕಲ್ಲು ಹುಡುಕ್ಕೊಂಡು ಮನೇಗೆ ಬಂದ್ಬುಡ್ತಾನೆ."

ಕಿತ್ತೆ. ಗುಳಿಯಲ್ಲಿ ಒದ್ದೆ ಮಣ್ಣಿತ್ತು, ಒಂದು ಎರೆಹುಳು. ಗುಂಡನ್ನು ಹಿಡಿದು ನಿಂತೆ.

"ಇಡೇ!" ಅತ್ತೆ ಕೂಗಿದರು. ಇಟ್ಟೆ.

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕಲ್ಲಿನ ಒಡಲಿನಿಂದ ಒಂದು ಚೂರು ತೆಗೆದು, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿದೆ. ಫಲಿತಾಂಶ ಬಂತು. ಸೀರಿಯಂ ತನ್ನ ಜಾಗದಲ್ಲೇ ಇತ್ತು. ಆ ನೀರಿಗೆ ಉಸಿರಿರಲಿಲ್ಲ. ಜ್ಞಾನೇಶ್ ಬಯಸಿದ್ದು ಇದನ್ನಲ್ಲ. ಆದರೂ ಉತ್ತರ ಉತ್ತರವೇ. ಪ್ರಬಂಧ ಬರೆದು ಅವನ ಹೆಸರು ಮೊದಲು ಹಾಕಿದೆ. ಅವನದೆಂದು ನಾನು ಮಾಡಬೇಕಾದ ಕೆಲಸ ಇನ್ನೇನೂ ಉಳಿಯಲಿಲ್ಲ.

ಉಳಿದ ಕಲ್ಲನ್ನು ಊರಿಗೆ ತಂದ ಮಧ್ಯಾಹ್ನ ತೋಟಕ್ಕೆ ಹೋಗಿ ಗುಂಡನ್ನು ಕಿತ್ತೆ, ಜಾಗ ಬರಿದೇ ಬಿಟ್ಟೆ. ಕಲ್ಲು ಜಗಲಿಯ ಮೇಲೇ ಇತ್ತು. ಮನೆಗೆ ಬಂದು ಅದರ ಪಕ್ಕ ಕೂತೆ. ಬಿಸಿಲು ಇಳಿಯಿತು. ಬಾಗಿಲು ತೆರೆದೇ ಇತ್ತು.

ಅತ್ತೆ ಹೊರಗೆ ಬಂದರು. ಕಲ್ಲನ್ನು ನೋಡಿದರು, ತೋಟದ ಕಡೆ ನೋಡಿದರು. ಸೆರಗು ಹೊದ್ದುಕೊಂಡು ಕಲ್ಲಿನ ಆ ಬದಿಗೆ ಕೂತರು.