ಖಾಲಿ ಕರಡಿಗೆ

ಗಾದ್ರಪ್ಪನಿಗೆ ಮೈಸೂರಿನಲ್ಲಿ ಎರಡು ಹೆಸರಿದ್ದವು. ವಿಶ್ವವಿದ್ಯಾನಿಲಯದ ದಾಖಲೆಯಲ್ಲಿ ಅವನು ಜಗಳೂರಿನ ಗಾಡಿ ಹೊಡೆಯುವ ದಾಸಪ್ಪನ ಮಗ ಗಾದ್ರಪ್ಪ, ಬೇಡರ ಹುಡುಗ. ಉಂಡು ಮಲಗುವ ಹಾಸ್ಟೆಲಿನಲ್ಲಿ ಮಾತ್ರ ಷಣ್ಮುಖಪ್ಪ, ಲಿಂಗವಂತರ ಹುಡುಗ.

1939ರಲ್ಲಿ ಬಿ.ಎ.ಗೆ ಸೀಟು ಸಿಕ್ಕಿತು, ಫೀಜು ಮಾಫಿಯೂ ಆಯಿತು. ಇರಲು ಜಾಗವಿರಲಿಲ್ಲ. ಯಾರೋ ದಾನಿ ಕಟ್ಟಿಸಿದ ಆ ಹಾಸ್ಟೆಲಿನಲ್ಲಿ ಊಟ ಪುಕ್ಕಟೆ, ಆದರೆ ಲಿಂಗವಂತರಿಗೆ ಮಾತ್ರ. ಅವನನ್ನು ಓದಿಸಿದ ಜಗಳೂರಿನ ಮೇಷ್ಟ್ರು ತಾವೇ ಲಿಂಗವಂತರು. ಹುಡುಗನ ಓದು ನಿಂತುಹೋಗುತ್ತದಲ್ಲ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಬೇರೆ ಹೆಸರಿನಲ್ಲಿ ಶಿಫಾರಸು ಪತ್ರ ಬರೆದರು. ಲಿಂಗವಿಡುವ ಬೆಳ್ಳಿಯ ಕರಡಿಗೆಯೊಂದನ್ನು ಅವನ ಕೊರಳಿಗೆ ಹಾಕಿದರು. ಒಳಗೆ ಏನೂ ಇರಲಿಲ್ಲ.

"ಲಿಂಗ ಕೊಡಾಕೆ ನನಗೆ ಅಧಿಕಾರ ಇಲ್ಲಪ್ಪ. ಯಾರ ಮುಂದೂ ಇದನ್ನ ತೆಗೀಬ್ಯಾಡ" ಎಂದರು.

ಒಂದು ವರ್ಷ ಹೇಗೋ ಕಳೆಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸ್ನಾನ ಮುಗಿಸಿ, ಪೂಜೆಯ ಕೋಣೆಯ ಮೂಲೆಗೆ ಮುಖಮಾಡಿ ಕೂತು, ಬರಿಯ ಅಂಗೈ ನೋಡುತ್ತಿದ್ದ. ಹಿಂದೆ ಯಾರಾದರೂ ಕೆಮ್ಮಿದರೆ ಅಂಗೈಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದ. ಹಾಸ್ಟೆಲಿನ ಯಾರೂ ಅವನ ತರಗತಿಯಲ್ಲಿರಲಿಲ್ಲ. ಕಾಲೇಜಿನ ಹಜಾರದಲ್ಲಿ ಯಾವನಾದರೂ ಗೆಳೆಯ "ಗಾದ್ರಪ್ಪಾ" ಎಂದು ಕೂಗಿದರೆ ಅವನ ಕಣ್ಣು ಮೊದಲು ಸುತ್ತಮುತ್ತ ಹುಡುಕುತ್ತಿದ್ದುದು ಹಾಸ್ಟೆಲಿನವರನ್ನು. ಲೈಬ್ರರಿಯ ಕೊನೆಯ ಬೀರುವಿನ ಹಿಂದೆ ಕೂತಾಗ ಮಾತ್ರ ಉಸಿರು ನೆಟ್ಟಗೆ ಆಡುತ್ತಿತ್ತು. ಅಲ್ಲಿ ಚರಿತ್ರೆಯ ಪುಸ್ತಕಗಳಿದ್ದವು, ಮಾತಾಡಿಸುವವರು ಇರಲಿಲ್ಲ.

ಎರಡನೆಯ ವರ್ಷ ಜೂನ್ ತಿಂಗಳಲ್ಲಿ ಹೊಸ ಹುಡುಗರು ಬಂದರು. ಮಧ್ಯಾಹ್ನ ಪಂಕ್ತಿಯಲ್ಲಿ ಎದುರು ಸಾಲಿಗೆ ಒಬ್ಬ ಬಂದು ಕೂತ. ಗಾದ್ರಪ್ಪ ತಲೆಯೆತ್ತಿದವನು ಕೈಯ ತುತ್ತನ್ನು ಎಲೆಗೆ ಬಿಟ್ಟ. ಜಗಳೂರಿನ ಮಂಡಿ ಸಾಹುಕಾರರ ಮಗ ಬೆನಕಪ್ಪ. ಅವರ ಮಂಡಿಯ ಮುಂದೆಯೇ ದಾಸಪ್ಪ ಗಾಡಿ ಬಿಡುತ್ತಿದ್ದುದು.

ಬೆನಕಪ್ಪ ಅವನನ್ನೇ ನೋಡಿದ. ಪಕ್ಕದವನು ಪರಿಚಯ ಮಾಡಿಸಿದ: "ಇವರು ಷಣ್ಮುಖಪ್ಪ. ನಿಮ್ಮ ಕಡೇವ್ರೇ."

"ಹೌದಾ? ಸಂತೋಷ ಆತು ಷಣ್ಮುಖಪ್ಪಾರೇ" ಎಂದು ಬೆನಕಪ್ಪ ಊಟಕ್ಕೆ ತೊಡಗಿದ.

ಆ ಮಾತಿನಿಂದ ಗಾದ್ರಪ್ಪನಿಗೆ ಇನ್ನಷ್ಟು ದಿಗಿಲಾಯಿತು. ಇವನು ಯಾಕೆ ಸುಮ್ಮನಿದ್ದಾನೆ? ಯಾವಾಗ ಬಾಯಿ ಬಿಡುತ್ತಾನೆ? ಎಂಟು ದಿನ ಊಟ ಸೇರಲಿಲ್ಲ. ಹುಡುಗರು ಜಗಲಿಯ ಮೇಲೆ ನಕ್ಕರೆ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ಟ್ರಂಕನ್ನು ಎರಡು ಸಲ ತುಂಬಿ ಎರಡು ಸಲ ಬಿಚ್ಚಿದ.

ಒಂಬತ್ತನೆಯ ದಿನ ಬೆನಕಪ್ಪ ಲೈಬ್ರರಿಯ ಆ ಬೀರುವಿನ ಹಿಂದಕ್ಕೇ ಬಂದು ಪಕ್ಕದ ಕುರ್ಚಿ ಎಳೆದುಕೊಂಡ.

"ಹೆದರಬ್ಯಾಡ ಗಾದ್ರಪ್ಪ. ನಾನು ಯಾರಿಗೂ ಹೇಳಿಲ್ಲ. ಓದೋ ಹುಡುಗ, ಓದಲಿ ಬಿಡು ಅಂದ್ಕಂಡೆ."

ಗಾದ್ರಪ್ಪನ ಕಣ್ಣಲ್ಲಿ ನೀರು ಬಂತು. "ನಿಮ್ಮ ಉಪಕಾರ ಮರೆಯಲ್ಲ ಕಣ್ರೀ."

"ಅದಿರಲಿ, ಪೂಜೆ ಹೊತ್ನಾಗೆ ಹೆಂಗೆ ಮಾಡ್ತಿ? ಲಿಂಗ ಯಾರು ಕೊಟ್ರು?"

ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಕೊರಳ ಕರಡಿಗೆಯನ್ನು ಮುಟ್ಟಿ, "ಇದರಾಗೆ ಏನೂ ಇಲ್ಲ" ಎಂದುಬಿಟ್ಟ.

ಬೆನಕಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಖಾಲಿ ಐತಾ? ಖಾಲಿ ಕೈ ಇಟ್ಕಂಡು ನಮ್ಮ ಜೊತೆ ಪೂಜೆಗೆ ಕುಂತಿದ್ಯಾ?" ಎಂದ. "ಹೆಸರು ಸುಳ್ಳಾದ್ರೆ ನಾನು ಸುಮ್ಕಿರ್ತಿದ್ದೆ. ಇದನ್ನ ನೋಡ್ಕಂಡು ಸುಮ್ನಿರಾಕೆ ನನ್ನ ಕೈಲಾಗಲ್ಲ. ಸೋಮವಾರದೊಳಗೆ ನೀನೇ ಹೋಗಿ ವಾರ್ಡನ್ನರಿಗೆ ಹೇಳು. ಇಲ್ದಿದ್ರೆ ನಾನು ಹೇಳ್ತೀನಿ."

ಅಂದು ಶುಕ್ರವಾರ. ಶನಿವಾರ ಗಾದ್ರಪ್ಪ ರೈಲ್ವೆ ಸ್ಟೇಷನ್ನಿಗೆ ಹೋಗಿ ಅರಸೀಕೆರೆಯ ಗಾಡಿ ಹೊರಡುವುದನ್ನು ನೋಡುತ್ತ ನಿಂತ. ಹತ್ತಿದರೆ ಊರು. ಅಲ್ಲಿ ಅಪ್ಪನಿಗೆ ಏನು ಹೇಳುವುದು? ಹತ್ತದಿದ್ದರೆ ಹಾಸ್ಟೆಲಿನ ಎಂಬತ್ತು ಹುಡುಗರು. ಗಾಡಿ ಹೊರಟುಹೋಯಿತು.

ಭಾನುವಾರ ಸಂಜೆ ವಾರ್ಡನ್ ಶಿವಮೂರ್ತಪ್ಪನವರ ಬಾಗಿಲು ತಟ್ಟಿದ. ಸೂಳೆಕೆರೆ ಕಡೆಯವರು, ಎತ್ತರದ ಆಳು, ಸಿಟ್ಟಿಗೆ ಹೆಸರಾದವರು. ಎಲ್ಲವನ್ನೂ ಹೇಳಿ ಕರಡಿಗೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಅವರು ಅದನ್ನು ತೆರೆದು ನೋಡಿ ಮುಚ್ಚಿದರು.

"ಪತ್ರ ಬರೆದುಕೊಟ್ಟವರು ಗೊತ್ತಿದ್ದೂ ಬರೆದರಾ?"

"ಇಲ್ಲ ಸಾರ್. ಅವರಿಗೆ ನಾನೇ ಸುಳ್ಳು ಹೇಳಿದ್ದೆ."

ಅದೊಂದು ಸುಳ್ಳನ್ನು ಮಾತ್ರ ಅವನು ತಡವರಿಸದೆ ಹೇಳಿದ. ಶಿವಮೂರ್ತಪ್ಪನವರು ನಂಬಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ.

"ನೀನು ಮಾಡಿದ್ದು ಸಣ್ಣ ತಪ್ಪಲ್ಲ. ನಿನಗೆ ಜಾಗ ಇಲ್ಲದಂಗೆ ಮಾಡಿದ್ದೂ ಸಣ್ಣ ತಪ್ಪಲ್ಲ. ಈಗಲೇ ಹೊರಡು. ಹುಡುಗರಿಗೆ ತಿಳಿದ್ರೆ ತಡೆಯಾಕೆ ನನ್ನಿಂದ ಆಗಲ್ಲ."

"ಕಾಲೇಜು, ಸಾರ್?"

"ಅಲ್ಲಿ ನಿನ್ನ ಹೆಸರಿನಾಗೇ ಓದ್ತಿದೀಯಲ್ಲ. ಅಲ್ಲಿಗೆ ನಾನು ಯಾಕೆ ಬರೀಲಿ?"

ಕೋಣೆಗೆ ಬಂದಾಗ ಬೆನಕಪ್ಪ ಬಾಗಿಲಲ್ಲೇ ಇದ್ದ. ಏನೂ ಕೇಳದೆ ಟ್ರಂಕನ್ನೆತ್ತಿ ಹೆಗಲಿಗಿಟ್ಟುಕೊಂಡು ಹಿತ್ತಿಲ ಬಾಗಿಲಿನಿಂದ ಮುಂದೆ ನಡೆದ. ಲೈಬ್ರರಿಗೆ ಹೋಗಿಬರುವಾಗ ಗಾದ್ರಪ್ಪನಿಗೆ ಪರಿಚಯವಾಗಿದ್ದ ಕಾಲೇಜಿನ ತೋಟದ ಮಾಲಿ ದುರುಗಪ್ಪ ತನ್ನ ಮನೆಯ ಪಡಸಾಲೆಯಲ್ಲಿ ಜಾಗ ಕೊಟ್ಟ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತ್ತು. ಕಾಲೇಜಿನ ಮೆಟ್ಟಿಲ ಬಳಿ ಹಾಸ್ಟೆಲಿನ ಏಳೆಂಟು ಹುಡುಗರು ಅವನನ್ನು ಸುತ್ತುಗಟ್ಟಿದರು. ಒಬ್ಬ ಅಂಗಿಯ ಕಾಲರು ಹಿಡಿದು ಕೆನ್ನೆಗೆ ಬಾರಿಸಿದ, ಪುಸ್ತಕಗಳು ಚೆಲ್ಲಾಪಿಲ್ಲಿಯಾದವು. ಬೆನಕಪ್ಪ ಗುಂಪಿನ ಹಿಂದೆ ನಿಂತಿದ್ದ, ಬಿಡಿಸಲು ಬರಲಿಲ್ಲ. ಇನ್ನೊಬ್ಬ ಕೈಯೆತ್ತುವಷ್ಟರಲ್ಲಿ ಗಂಟೆ ಹೊಡೆಯಿತು, ಮೇಲಿಂದ ಪ್ರೊಫೆಸರರು ಇಳಿದು ಬಂದರು. ಗುಂಪು ಚೆದುರಿತು.

ಗಾದ್ರಪ್ಪ ಪುಸ್ತಕಗಳನ್ನು ಆಯ್ದುಕೊಂಡು, ಉರಿಯುತ್ತಿದ್ದ ಕೆನ್ನೆಯಲ್ಲೇ ತರಗತಿಗೆ ಹೋದ. ಮುಂದೆ ಎಷ್ಟೋ ತಿಂಗಳು ಆ ಮೆಟ್ಟಿಲು ಹತ್ತುವ ಮೊದಲು ನಿಂತು ಸುತ್ತಲೂ ನೋಡುತ್ತಿದ್ದ. ಆದರೂ ಒಂದು ದಿನವೂ ತಪ್ಪಿಸಲಿಲ್ಲ. 1941ರಲ್ಲಿ ಎರಡನೇ ದರ್ಜೆಯಲ್ಲಿ ಪಾಸಾಗಿ, ಮುಂದಿನ ವರ್ಷ ಹೊನ್ನಾಳಿಯ ಶಾಲೆಯಲ್ಲಿ ಮೇಷ್ಟ್ರಾದ.