ಸ್ವಿಚ್ಚಪ್ಪನವರ ಸೋಮವಾರ

ನೀರು ಚಿಮುಕಿಸಿದ ಹತ್ತಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಹರಿದಾಗ ಏಳುವ ವಾಸನೆ ಬಾಗಿಲಲ್ಲೇ ಎದುರಾಯಿತು. ಚಪ್ಪಲಿ ಬಿಡುತ್ತಿದ್ದ ರೆಕಾರ್ಡ್ ಅಕ್ಕ ಒಂದು ಕಾಲಲ್ಲೇ ನಿಂತುಬಿಟ್ಟರು. ಚಿಕ್ಕಂದಿನಲ್ಲಿ ಅಮ್ಮ ಅಪ್ಪನ ಅಂಗಿಗೆ ಇಸ್ತ್ರಿ ಹಾಕುವಾಗ ಪಕ್ಕದಲ್ಲಿ ಕೂತು ಮೂಗು ತುಂಬ ಎಳೆದುಕೊಳ್ಳುತ್ತಿದ್ದ ವಾಸನೆ ಅದು. ಅದು ಬಂತೆಂದರೆ ಅಪ್ಪ ಇನ್ನೇನು ಕೆಲಸಕ್ಕೆ ಹೊರಡುತ್ತಾರೆ ಎಂದು ಲೆಕ್ಕ.

ಇಲ್ಲೂ ಒಬ್ಬರನ್ನು ಹೊರಡಿಸುವ ಕೆಲಸವೇ ನಡೆದಿತ್ತು. ಊಟದ ಮೇಜಿನ ಮೇಲೆ ಹಳೇ ಕಂಬಳಿ ಹಾಸಿಕೊಂಡು, ತೀರಿಹೋದ ಗಂಡನ ತಿಳಿನೀಲಿ ಅಂಗಿಯ ಕಾಲರನ್ನು ಹೆಂಡತಿ ತೀಡುತ್ತಿದ್ದರು.

“ಬನ್ನಿ ಅಕ್ಕ,” ಎಂದರು ತಲೆ ಎತ್ತದೆ. “ಒಂದು ತೋಳು ಉಳಿದಿದೆ. ಮುದುರಿದ್ದು ಹಾಕಿ ಕಳಿಸೋಕೆ ಮನಸ್ಸು ಬರ್ಲಿಲ್ಲ. ಇದ್ದಾಗ ಒಂದಿನ ಇಸ್ತ್ರಿ ಅಂಗಿ ಹಾಕ್ಕೊಂಡವರಲ್ಲ. ಮೇಜಿನ ಕೆಳಗೆ ತೆವಳೋನಿಗೆ ಅದೆಲ್ಲ ಯಾಕೆ ಅಂತಿದ್ರು.”

ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದವರು ಅವರು. ಹೋಗದ ಈ-ಮೇಲು, ತೆರೆಯದ ಫೈಲು, ಒಂದು ಮಹಡಿಯಲ್ಲಿ ಉಳಿಸಿದ್ದು ಇನ್ನೊಂದು ಮಹಡಿಯಲ್ಲಿ ಕಾಣದೆ ಹೋಗುವುದು, ಯಾವುದಕ್ಕೂ ಅವರೇ. ಯಾರು ಕರೆದರೂ ಮೊದಲು “ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?” ಎಂದು ಕೇಳುತ್ತಿದ್ದರಾದ್ದರಿಂದ ಇಡೀ ಕಚೇರಿ ಅವರನ್ನು ಸ್ವಿಚ್ಚಪ್ಪ ಎಂದೇ ಕರೆಯುತ್ತಿತ್ತು. ಶನಿವಾರ ಸಂಜೆ ಎದೆ ಹಿಡಿದಂತಾಗುತ್ತೆ ಎಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಅದೇ ಕಚೇರಿಯ ದಾಖಲೆ ವಿಭಾಗದವರು ರೆಕಾರ್ಡ್ ಅಕ್ಕ. ನಿವೃತ್ತಿಗೆ ಇನ್ನು ಎಂಟು ತಿಂಗಳು. ಸುದ್ದಿ ಮೊದಲು ಬಂದದ್ದು ಅವರಿಗೇ. “ಆಫೀಸಿನವರಿಗೆಲ್ಲ ನಾನು ತಿಳಿಸ್ತೀನಿ, ಆ ಚಿಂತೆ ನೀವು ಬಿಡಿ,” ಎಂದು ಆವತ್ತೇ ಮಾತು ಕೊಟ್ಟಿದ್ದರು.

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. “ಜನ ಬರ್ತಾರಲ್ವಾ ಅಕ್ಕ?” ಮಗಳು ಕೂತಿದ್ದ ಕಡೆ ನೋಡಿ, ಧ್ವನಿ ತಗ್ಗಿಸಿ ಕೇಳಿದರು. “ನನಗೋಸ್ಕರ ಅಲ್ಲ. ಇವಳು ನೋಡಬೇಕು. ಅಪ್ಪ ದಿನಾ ಮನೆ ಬಿಟ್ಟು ಯಾರ ಹತ್ರ ಹೋಗ್ತಿದ್ರು ಅಂತ ಇವಳು ಒಂದ್ಸಲ ಕಣ್ಣಾರೆ ನೋಡಬೇಕು.”

“ಬರದೆ ಏನು? ನೋಡ್ತಿರಿ, ಬೀದಿ ಸಾಕಾಗಲ್ಲ,” ಎಂದರು ರೆಕಾರ್ಡ್ ಅಕ್ಕ.

ಗಂಟೆ ಹತ್ತೂವರೆ. ಚಿತಾಗಾರದ ಗಾಡಿ ಹನ್ನೆರಡಕ್ಕೆ ಹೊರಡಬೇಕು. ಹಜಾರದಲ್ಲಿ ಅಕ್ಕಪಕ್ಕದ ಮನೆಯವರು, ನೆಂಟರು ಸೇರಿ ಹನ್ನೊಂದು ಜನ. ಬಾಡಿಗೆಗೆ ತಂದ ಐವತ್ತು ಪ್ಲಾಸ್ಟಿಕ್ ಕುರ್ಚಿಗಳು ಬೀದಿಯ ಬದಿಯಲ್ಲಿ ಖಾಲಿ ಕೂತಿದ್ದವು.

ತೀರಿಹೋದವರ ಅಕ್ಕ, ಮಗಳ ಸೋದರತ್ತೆ, ಕಿಟಕಿಯಿಂದ ಆ ಕುರ್ಚಿಗಳನ್ನೇ ನೋಡುತ್ತಿದ್ದರು. “ನೀರಿನಾಫೀಸು ನೀರಿನಾಫೀಸು ಅಂತ ಜೀವ ತೇದ ನನ್ನ ತಮ್ಮ. ಒಂದು ನರಪಿಳ್ಳೆ ಬಂತಾ?”

“ನಾನು ಬಂದಿದೀನಲ್ಲಮ್ಮಾ,” ಎಂದರು ರೆಕಾರ್ಡ್ ಅಕ್ಕ.

“ನಿಮ್ಮನ್ನ ಬಿಟ್ಟು ಹೇಳಿದೆ ಕಣ್ರೀ. ಐವತ್ತು ಕುರ್ಚಿ ತರಿಸೋ ಬದಲು ಐದು ತರಿಸಿದ್ರೆ ಸಾಕಿತ್ತು.”

ಮಗಳು ಅಪ್ಪನ ಕಾಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೈದರ ಹುಡುಗಿ, ಕಣ್ಣು ಒಣಗಿತ್ತು. “ಸುಮ್ನಿರಿ ಅತ್ತೆ. ನನಗೇನು ಹೊಸದಲ್ಲ,” ಎಂದಳು. “ಆರನೇ ಕ್ಲಾಸಲ್ಲಿ ನಂದೊಂದು ನಾಟಕ ಇತ್ತು. ಮುಂದಿನ ಸಾಲಲ್ಲಿ ಅಪ್ಪಂಗೆ ಅಂತ ಕುರ್ಚಿ ಹಿಡಿದಿದ್ದೆ, ನನ್ನ ಚೀಲ ಇಟ್ಟು. ಆಫೀಸಲ್ಲಿ ಯಾರೋ ಏನೋ ಅಳಿಸಿಬಿಟ್ರಂತೆ, ಬರ್ಲೇ ಇಲ್ಲ. ಚೀಲಾನೇ ಕೂತ್ಕೊಂಡು ನಾಟಕ ನೋಡ್ತು.”

ರೆಕಾರ್ಡ್ ಅಕ್ಕನಿಗೆ ಯಾವ ವರ್ಷ ಎಂದು ಕೇಳಬೇಕೆನಿಸಿತು, ಕೇಳುವ ಧೈರ್ಯ ಬರಲಿಲ್ಲ.

*

ಹತ್ತು ಹದಿನೈದು ವರ್ಷದ ಹಿಂದಿನ ಮಾತು, ಕಚೇರಿಯ ಎಲ್ಲ ಮಹಡಿಗಳಿಗೂ ಒಂದೇ ಫೋಲ್ಡರು ಮಾಡಿದ ಹೊಸತು. ಒಬ್ಬರು ತಮ್ಮ ಮೇಜಿನಲ್ಲಿ ತಿದ್ದಿದರೆ ಎಲ್ಲರ ಮೇಜಿನಲ್ಲೂ ತಾನಾಗಿ ತಿದ್ದಿಕೊಳ್ಳುತ್ತದೆ ಎಂದು ಸ್ವಿಚ್ಚಪ್ಪ ವಾರಗಟ್ಟಲೆ ಹೇಳಿಕೊಟ್ಟಿದ್ದರು. ತಿದ್ದಿದ್ದು ಎಲ್ಲ ಕಡೆ ಹೋಗುವುದಾದರೆ ಅಳಿಸಿದ್ದೂ ಹೋಗುತ್ತದೆ ಎಂಬುದು ರೆಕಾರ್ಡ್ ಅಕ್ಕನ ತಲೆಗೆ ಹೊಳೆದಿರಲಿಲ್ಲ. ಜಾಗ ಸಾಲದು ಎಂದು ತಮ್ಮ ಕಂಪ್ಯೂಟರಿನಿಂದ ಕೊಳವೆ ನಕ್ಷೆಗಳನ್ನೆಲ್ಲ ತೆಗೆದರು. ಅರ್ಧ ಗಂಟೆಯಲ್ಲಿ ಮೂರು ಮಹಡಿಗಳಲ್ಲೂ ಊರಿನ ಒಂದು ಕೊಳವೆಯೂ ಉಳಿದಿರಲಿಲ್ಲ.

ಮ್ಯಾನೇಜರು ಕೆಂಡವಾಗಿ ಬಂದರು. “ಯಾರದು ಇದು? ಯಾರ ಕೈಕೆಲಸ?”

ಮೇಜಿನ ಕೆಳಗಿಂದ ಸ್ವಿಚ್ಚಪ್ಪ ತಲೆ ಹೊರಹಾಕಿದರು. “ಮಿಷಿನ್ ತಪ್ಪು ಸಾರ್. ಇವರದೇನಿಲ್ಲ.”

ಮೂರು ದಿನ ಕೂತು ಒಂದೊಂದೇ ನಕ್ಷೆಯನ್ನು ಹಿಂದಕ್ಕೆ ತಂದರು. ಕೊನೆಯ ದಿನ ಅಕ್ಕ ಕೇಳಿದರು, “ಯಾಕಪ್ಪಾ ಸುಳ್ಳು ಹೇಳಿದ್ರಿ?”

“ಮಿಷಿನ್‌ಗೆ ಬೈದ್ರೆ ಅದೇನು ಅಳುತ್ತಾ ಅಕ್ಕ?” ಎಂದು ನಕ್ಕರು.

ಆ ಮೂರು ದಿನಗಳಲ್ಲಿ ಒಂದು ದಿನ ಎಲ್ಲೋ ಒಂದು ಶಾಲೆಯಲ್ಲಿ ನಾಟಕವಿತ್ತೋ ಇಲ್ಲವೋ. ಅಳಿಸಿದವರು ಬೇರೆಯವರೂ ಇರಬಹುದು. ಅಲ್ಲಿ ಎಲ್ಲರೂ ಏನಾದರೊಂದನ್ನು ಅಳಿಸಿಕೊಂಡೇ ಇದ್ದರು.

*

ಹನ್ನೊಂದು ಗಂಟೆಗೆ ಅಂಗಿ ತೊಡಿಸಿ ಆಯಿತು. ರೆಕಾರ್ಡ್ ಅಕ್ಕ ನಾಲ್ಕು ಸಲ ಗೇಟಿನ ತನಕ ಹೋಗಿ ಬಂದರು. ಒಂಬತ್ತಕ್ಕೆ ಎಲ್ಲರೂ ಮೇಲ್ ತೆರೆದಿರುತ್ತಾರೆ. ಕಚೇರಿಯಿಂದ ಇಲ್ಲಿಗೆ ಮುಕ್ಕಾಲು ಗಂಟೆಯ ದಾರಿ. ವಾಹನ ಹೊಂದಿಸಿಕೊಳ್ಳುವುದಕ್ಕೆ ಅರ್ಧ ಗಂಟೆ ಎಂದಿಟ್ಟುಕೊಂಡರೂ ಇಷ್ಟು ಹೊತ್ತಿಗೆ ಬರಬೇಕಿತ್ತು.

ಹನ್ನೊಂದೂ ಮುಕ್ಕಾಲಿಗೆ ಕಪಾಟಿನ ಮೇಲೆ ಮಗುಚಿಟ್ಟಿದ್ದ ಫೋನು ಗುರ್ರೆಂದು ಅದುರಿತು. ಸ್ವಿಚ್ಚಪ್ಪನವರ ಫೋನು.

“ಬೆಳಿಗ್ಗೆಯಿಂದ ಹತ್ತೊಂಬತ್ತು ಸಲ ಆಯ್ತು,” ಎಂದಳು ಮಗಳು. “ಎಲ್ಲ ಆಫೀಸಿಂದೇ. ಬರೋಕಾಗಲ್ಲ ಅಂತ ಸಬೂಬು ಹೇಳೋಕೆ ಮಾಡ್ತಿರ್ತಾರೆ. ನಾನಂತೂ ಎತ್ತಲ್ಲ.”

ರೆಕಾರ್ಡ್ ಅಕ್ಕ ಎತ್ತಿದರು. ಎರಡನೇ ಮಹಡಿಯ ಬಿಲ್ ಗುಮಾಸ್ತನ ಗಂಟಲು ಇಡೀ ಹಜಾರಕ್ಕೆ ಕೇಳಿಸಿತು.

“ಸ್ವಿಚ್ಚಪ್ಪೋರೇ! ಎಲ್ಲಿ ಸ್ವಾಮಿ ತಪ್ಪಿಸಿಕೊಂಡಿದೀರಾ? ನಮ್ಮ ಫೈಲು ಮೇಲಿನ ಮಹಡಿಗೆ ಹೋಗ್ತಿಲ್ಲ. ಆಫ್ ಮಾಡಿ ಆನ್ ಮಾಡಿದೀನಿ, ಮೊದಲೇ ಹೇಳ್ತಿದೀನಿ, ಬೈಬೇಡಿ! ಆರು ಜನ ನಿಮ್ಮ ಮೇಜಿನ ಮೇಲೆ ಚೀಟಿ ಇಟ್ಟು ಹೋಗಿದಾರೆ. ಹಲೋ? ಹಲೋ?”

“ನಾನು, ರೆಕಾರ್ಡ್ ಅಕ್ಕ ಮಾತಾಡ್ತಿರೋದು. ನನ್ನ ಮೇಲ್ ನೋಡಿಲ್ವೇನಪ್ಪಾ?”

“ಯಾವ ಮೇಲ್ ಅಕ್ಕ?”

*

ಭಾನುವಾರ ಮಧ್ಯಾಹ್ನ ಕಾವಲುಗಾರನಿಂದ ಕಚೇರಿಯ ಬಾಗಿಲು ತೆಗೆಸಿ ಒಬ್ಬರೇ ಕೂತು ಬರೆದಿದ್ದರು. ಮ್ಯಾನೇಜರಿಗೆ ಫೋನ್ ಸಿಕ್ಕಿರಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಆ ಮಾತನ್ನೇ ಮತ್ತೆ ಮತ್ತೆ ಆಡುವ ಶಕ್ತಿಯೂ ಇರಲಿಲ್ಲ. ಎಲ್ಲ ಸಿಬ್ಬಂದಿಗೂ ಒಂದೇ ಸಲಕ್ಕೆ ಮೇಲ್ ಹೋಗುವ ವಿಳಾಸವೊಂದಿತ್ತು. ದೂರದ ಪಂಪ್‌ಹೌಸುಗಳಿಗೂ ಅದು ತಲುಪುತ್ತಿತ್ತು. ನಾಲ್ಕು ಸಾಲು ಬರೆಯಲು ಒಂದು ಗಂಟೆ ಹಿಡಿಯಿತು. ಜೊತೆಗೊಂದು ಫೋಟೋ ಸೇರಿಸಿದರು. ಸ್ವಿಚ್ಚಪ್ಪ ಮೇಜಿನಡಿಯಿಂದ ಅರ್ಧ ಹೊರಬಂದು, ಹೆಗಲ ಮೇಲೆ ವೈರಿನ ಸುರುಳಿ ಹೊತ್ತು, ಯಾರದೋ ಮಾತಿಗೆ ನಗುತ್ತಿದ್ದ ಫೋಟೋ. ಬಹಳ ದೊಡ್ಡ ಫೋಟೋ.

ಕಳಿಸು ಎಂಬುದನ್ನು ಒತ್ತಿದರು. ಆ ನಗು ನೋಡಲಾರದೆ ತಕ್ಷಣ ಕಂಪ್ಯೂಟರು ಆಫ್ ಮಾಡಿ ಎದ್ದುಬಂದರು.

ಸ್ವಿಚ್ಚಪ್ಪ ಎಷ್ಟು ಸಲ ಹೇಳಿದ್ದರೋ. “ಒತ್ತಿದ ಕೂಡಲೇ ಹೋಗಿಬಿಡಲ್ಲ ಅಕ್ಕ. ಔಟ್‌ಬಾಕ್ಸಲ್ಲಿ ಕೂತಿರುತ್ತೆ. ಅದು ಹೊರಗೆ ಹೋಗೋ ತನಕ ನೀವೂ ಕೂತಿರಿ. ಬಸ್ ಹತ್ತಿಸೋಕೆ ಹೋದವರು ಬಸ್ ಹೊರಡೋ ತನಕ ನಿಲ್ಲಲ್ವಾ?”

*

“ಶನಿವಾರ ಸಂಜೆ ಹೋದ್ರು ಕಣಪ್ಪಾ,” ಎಂದರು ಫೋನಿನಲ್ಲಿ. “ಹನ್ನೆರಡಕ್ಕೆ ಗಾಡಿ ಹೊರಡುತ್ತೆ.”

ಆ ಕಡೆ ಎಲ್ಲೋ ಒಂದು ಕುರ್ಚಿ ಸರಿದ ಸದ್ದಾಯಿತು. “ಅಕ್ಕ, ನಾನು ಈಗ... ಅಯ್ಯೋ, ಈಗ ಏನಂದೆ ನಾನು...”

“ಎಲ್ರಿಗೂ ಹೇಳು, ಹೊರಡಿ. ನನ್ನ ಕಂಪ್ಯೂಟರ್ ಮುಂದೆ ಯಾರನ್ನಾದ್ರೂ ಕೂರಿಸು. ಕಾಲುನೋವಿನ ಅಟೆಂಡರ್ ಇದಾರಲ್ಲ, ಅವರು ಹೇಗೂ ಇಷ್ಟು ದೂರ ಬರೋಕಾಗಲ್ಲ. ಸ್ವಿಚ್ ಹಾಕಿ ಸುಮ್ನೆ ಕೂತಿರೋಕೆ ಹೇಳು. ಏನೂ ಮುಟ್ಟೋದು ಬೇಡ. ಮೇಲ್ ಹೊರಗೆ ಹೋಗೋ ತನಕ ಏಳೋದೂ ಬೇಡ.” ತಾವು ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಬರೆಸಿದರು. ದೂರದ ಪಂಪ್‌ಹೌಸಿನವರಿಗಾದರೂ ಗೊತ್ತಾಗಬೇಕಲ್ಲ.

ಫೋನು ಇಟ್ಟು ತಿರುಗಿದರೆ ಹಜಾರದವರೆಲ್ಲ ತಮ್ಮನ್ನೇ ನೋಡುತ್ತಿದ್ದಾರೆ.

“ಏನಾಯ್ತು ಅಕ್ಕ?” ಎಂದರು ಹೆಂಡತಿ.

ಮಿಷಿನ್ ತಪ್ಪು. ಎರಡೇ ಮಾತು. ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಯಾರೂ ಪ್ರಶ್ನಿಸುತ್ತಿರಲಿಲ್ಲ. ಕಂಪ್ಯೂಟರು ಕೈಕೊಡುವುದೆಂದರೆ ಆ ಮನೆಯವರಿಗೆ ನಿತ್ಯ ಕೇಳಿದ ಕತೆ. ಮಲಗಿದ್ದವರೂ ಅದನ್ನೇ ಹೇಳುತ್ತಿದ್ದರು.

“ನನ್ನ ತಪ್ಪು,” ಎಂದರು ರೆಕಾರ್ಡ್ ಅಕ್ಕ. “ಸುದ್ದಿ ಯಾರಿಗೂ ಹೋಗಿಲ್ಲ. ಹೋಯ್ತೋ ಇಲ್ವೋ ಅಂತ ನಾನು ನೋಡದೆ ಎದ್ದುಬಂದೆ. ಮಿಷಿನ್ ಸರಿಯಾಗೇ ಇತ್ತು.”

“ಇಪ್ಪತ್ತಾರು ವರ್ಷ ನನ್ನ ತಮ್ಮ ಇದನ್ನೇ ಹೇಳಿಕೊಟ್ನಾ ನಿಮಗೆ?” ಎಂದು ಸೋದರತ್ತೆ ಸಿಡಿದರು. “ಒಂದು ಸುದ್ದಿ, ಒಂದೇ ಒಂದು ಸುದ್ದಿ ಮುಟ್ಟಿಸೋಕೆ ಆಗ್ಲಿಲ್ವಾ ನಿಮ್ಮ ಕೈಲಿ?”

ಮಗಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೋದರತ್ತೆಯ ಮಾತಿಗಿಂತ ಆ ಚಿಲಕದ ಸದ್ದು ಹೆಚ್ಚು ನಾಟಿತು.

ಹೆಂಡತಿ ಗಾಡಿಯ ಡ್ರೈವರನ್ನು ಕೇಳಿಕೊಂಡರು. ಮಧ್ಯವಯಸ್ಸಿನ ಆತ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಕಾಲು ಗಂಟೆ ನಿಲ್ತೀನಮ್ಮ, ಅದಕ್ಕಿಂತ ಆಗಲ್ಲ. ಒಂದೂವರೆಗೆ ಇನ್ನೊಂದು ಮನೆಯವರು ಕಾಯ್ತಿರ್ತಾರೆ. ಅಲ್ಲೂ ಹೀಗೇ ಇರುತ್ತಲ್ವಾ?”

ಹನ್ನೆರಡೂ ಕಾಲಿಗೆ ಸ್ವಿಚ್ಚಪ್ಪನವರನ್ನು ಎತ್ತಿದರು. ಹಿಡಿಯಲು ಗಂಡಸರು ಸಾಲದೆ ಡ್ರೈವರೇ ಒಂದು ಮೂಲೆಗೆ ಕೈ ಕೊಟ್ಟ. ರೆಕಾರ್ಡ್ ಅಕ್ಕ ಗಾಡಿಯ ಮೆಟ್ಟಿಲಿಗೆ ಕಾಲಿಟ್ಟಾಗ ಹೆಂಡತಿ ಮೆಲ್ಲಗೆ ಮೊಣಕೈ ಹಿಡಿದರು.

“ನೀವು ಇಲ್ಲೇ ಇರಿ ಅಕ್ಕ. ಓಡಿ ಬಂದವರು ಬೀಗ ನೋಡಿ ಹಿಂದೆ ಹೋಗಬಾರದು. ಹೇಳೋಕೆ ಒಬ್ಬರು ಬೇಕು.”

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಕಾಲು ಕೆಳಗಿಟ್ಟರು. ಗಾಡಿ ಬೀದಿಯ ತಿರುವು ದಾಟಿ ಕಾಣದಾಗುವ ತನಕ ಅಲ್ಲೇ ನಿಂತಿದ್ದರು.

*

ಒಂದು ಗಂಟೆಗೆ ಮೊದಲ ಆಟೋ ಬಂತು. ಬಿಲ್ ಗುಮಾಸ್ತ ಇಳಿದವನೇ ಖಾಲಿ ಬಾಗಿಲು ನೋಡಿದ, ಅಕ್ಕನ ಮುಖ ನೋಡಿದ.

“ಹೋದ್ರಾ?”

“ಹೋದ್ರು. ಅಲ್ಲಿ ಒಂದಕ್ಕೇ ಸಮಯ ಕೊಟ್ಟಿದ್ರು. ಈಗ ಹೋದ್ರೂ ಸಿಗಲ್ಲ.”

ಅವನ ಹಿಂದೆಯೇ ಇನ್ನೊಂದು ಆಟೋ. ಆಮೇಲೆ ಕಚೇರಿಯ ಜೀಪು, ಮೀಟರ್ ಓದುವವರ ಬೈಕುಗಳು, ಟ್ಯಾಂಕರಿನ ಡ್ರೈವರು ಇಪ್ಪತ್ತು ಜನರನ್ನು ಹೇರಿಕೊಂಡು ತಂದ ಲಾರಿ. ಕೊರಳಲ್ಲಿ ಗುರುತಿನ ಚೀಟಿ ನೇತಾಡಿಸಿಕೊಂಡು, ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತರು. ಐವತ್ತು ಕುರ್ಚಿಗಳಲ್ಲಿ ಒಂದರಲ್ಲೂ ಯಾರೂ ಕೂರಲಿಲ್ಲ. ಅಕ್ಕ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದರು, ನನ್ನಿಂದ ತಡವಾಯ್ತು ಎಂದು. ಭಾನುವಾರ ಆಡಲಾರದೆ ತಪ್ಪಿಸಿಕೊಂಡಿದ್ದ ಮಾತನ್ನು ಈಗ ನೂರು ಸಲ ಆಡಬೇಕಾಗಿ ಬಂತು.

ಉಗ್ರಾಣದ ಹೆಂಗಸು ಗೇಟಿಗೆ ಒರಗಿ ಬಿಕ್ಕಿದಳು. “ಬೆಳಿಗ್ಗೆ ಅವರ ಮೇಜಿನ ಮೇಲೆ ಚೀಟಿ ಇಟ್ಟಿದೀನಿ ಅಕ್ಕ. ‘ಬಂದ ಕೂಡಲೇ ಬನ್ನಿ’ ಅಂತ. ಈಗ ಹೋಗಿ ಅದನ್ನ ಹೇಗೆ ತೆಗೀಲಿ?”

ಎರಡೂವರೆಗೆ ಮನೆಯವರು ಹಿಂತಿರುಗಿದರು. ಬೀದಿಯ ತುದಿಯಲ್ಲೇ ಕಾರು ನಿಂತಿತು. ಮುಂದೆ ಬರಲು ಜಾಗವಿರಲಿಲ್ಲ. ಮಗಳು ಇಳಿದು ನಡೆಯತೊಡಗಿದಳು. ಜನ ದಾರಿ ಬಿಟ್ಟರು. ಬಿಲ್ ಗುಮಾಸ್ತ ಮುಂದೆ ಬಂದು, “ಬೆಳಿಗ್ಗೆ ಫೋನಲ್ಲಿ ತಮಾಷೆ ಮಾಡಿದ್ದು ನಾನೇ ಕಣಮ್ಮ,” ಎಂದ.

ಆಗ ಯಾರದೋ ಜೇಬಿನಲ್ಲಿ ಟಿಣ್ ಎಂದಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಬೀದಿಯ ಈ ತುದಿಯಿಂದ ಆ ತುದಿಗೆ ಫೋನುಗಳು ಒಂದೊಂದಾಗಿ ಸದ್ದು ಮಾಡಿದವು. ಕಾಲುನೋವಿನ ಅಟೆಂಡರು ಎದ್ದಿರಲಿಲ್ಲ. ಆ ದೊಡ್ಡ ಫೋಟೋ ತೆವಳಿಕೊಂಡು ಕೊನೆಗೂ ಹೊರಗೆ ಬಂದಿತ್ತು. ‘ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಕೊನೆಯ ದರ್ಶನ,’ ಎಂದಿತ್ತು ಅದರಲ್ಲಿ. ಯಾರೂ ಓದಿ ಹೇಳಲಿಲ್ಲ.

ಮಗಳು ಉಗ್ರಾಣದ ಹೆಂಗಸಿನ ಕೈಯಲ್ಲಿದ್ದ ಫೋನನ್ನು ನೋಡಿದಳು. ಪಕ್ಕದವರ ಕೈಯಲ್ಲೂ ಅದೇ. ಹೆಗಲ ಮೇಲೆ ವೈರು ಹೊತ್ತ ಅಪ್ಪ, ಬಾಯ್ತುಂಬ ನಗು.

“ಮನೇಲಿ ಹೀಗೆ ನಕ್ಕಿದ್ದು ನೋಡಿಲ್ಲ ನಾನು,” ಎಂದಳು. “ಯಾರಿಗೆ ನಗ್ತಿದಾರೆ?”

ಯಾರಿಗೂ ನೆನಪಾಗಲಿಲ್ಲ. ಆಗ ಅವಳು ಅತ್ತಳು, ಬೆಳಿಗ್ಗೆಯಿಂದ ಮೊದಲ ಸಲ.

ಸಂಜೆಯಾಗುತ್ತಾ ಜನ ಕರಗಿದರು. ರೆಕಾರ್ಡ್ ಅಕ್ಕ ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಹೋಗಲು ಮುಖವಿರಲಿಲ್ಲ, ಹೇಳದೆ ಹೋಗುವುದು ಸರಿ ಕಾಣಲಿಲ್ಲ. ಒಳಗೆ ಪಕ್ಕದ ಮನೆಯವರು ಬಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

ಗೇಟು ಕಿರುಗುಟ್ಟಿತು. ಮಗಳು ನಿಂತಿದ್ದಳು, ಒಂದು ಕೈಯಲ್ಲಿ ಹಬೆಯಾಡುವ ಅನ್ನದ ತಟ್ಟೆ, ಇನ್ನೊಂದರಲ್ಲಿ ನೀರಿನ ಲೋಟ. ತಟ್ಟೆಯನ್ನು ಅಕ್ಕನ ಮಡಿಲಿಗೆ ಹಿಡಿದಳು. ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡರು. ಮಗಳು ನೀರಿನ ಲೋಟ ಹಿಡಿದುಕೊಂಡು ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು.